ಕಡಲಿಗೆ ಬೆನ್ನು ಹಾಕಿ ಕೂತ ನಮ್ಮ ಮೀನೂಟ

ಗ್ರೀಸಿನ ದ್ವೀಪಗಳಲ್ಲಿ ಊಟದ ಬಿಲ್ ತಾನಾಗಿ ಬರುವುದಿಲ್ಲ. ನೀವೇ ಕೇಳಬೇಕು. ಕೇಳಿದ ಮೇಲೂ ಸ್ವಲ್ಪ ಹೊತ್ತು ಕಾಯಬೇಕು. ತಟ್ಟೆ ಖಾಲಿಯಾಗಿ ಗಂಟೆ ಕಳೆದರೂ ಯಾರೂ ಬಂದು "ಮತ್ತೇನು ಕೊಡ್ಲಿ" ಎಂದು ಮುಖ ನೋಡುವುದಿಲ್ಲ. ನಿಮ್ಮ ಕುರ್ಚಿಯ ಹಿಂದೆ ಇನ್ನೊಂದು ಸಂಸಾರ ಬಂದು ನಿಂತು, ನಿಮ್ಮ ಕೊನೆಯ ತುತ್ತನ್ನು ಎಣಿಸುವುದೂ ಇಲ್ಲ. ಕರೆಯದೆ ಬಿಲ್ ತಂದಿಟ್ಟರೆ ಅಲ್ಲಿಯವರಿಗೆ ಅದು "ಎದ್ದು ಹೋಗಿ" ಎಂದಂತೆ. ನಮ್ಮ ದರ್ಶಿನಿಗಳಲ್ಲಿ ದುಡ್ಡು ಕೊಟ್ಟು ಟೋಕನ್ ತಗೊಂಡ ಮೇಲೆ ಊಟ. ಅಲ್ಲಿ ದುಡ್ಡಿನ ಮಾತೇ ಕೊನೆಗೆ, ಅದೂ ಒಲ್ಲದ ಮನಸ್ಸಿನಿಂದ ಎಂಬ ಹಾಗೆ.

ನಾನು ಕುಂದಾಪುರ ಕಡೆಯವನು. ಈಗ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಸಮುದ್ರ ಇಲ್ಲ. ಬೇಸಿಗೆ ರಜೆ ಬಂತೆಂದರೆ ಈ ಊರಿನ ಅರ್ಧ ಜನ ದಕ್ಷಿಣಕ್ಕೆ ಮುಖ ಮಾಡುತ್ತಾರೆ, ನಾವೂ ಅವರ ಹಿಂದೆ. ಈ ಸಲ ನಾಕ್ಸೋಸ್. ಸಿಕ್ಲಾಡೀಸ್ ಎಂಬ ಗ್ರೀಕ್ ದ್ವೀಪಗಳ ಗುಂಪಿನಲ್ಲೇ ದೊಡ್ಡದು. ಅಥೆನ್ಸ್‌ನ ಪಿರಿಯಸ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಹೆಚ್ಚುಕಡಿಮೆ ಐದು ಗಂಟೆ. ಬಂದರಿಗೆ ಇಳಿಯುವಾಗಲೇ ಎಡಗಡೆ ಒಂದು ದೊಡ್ಡ ಅಮೃತಶಿಲೆಯ ಬಾಗಿಲು ಕಾಣುತ್ತದೆ, ಪೋರ್ತಾರಾ ಅಂತ. ಎರಡೂವರೆ ಸಾವಿರ ವರ್ಷದ ಹಿಂದೆ ಕಟ್ಟಲು ಹೊರಟು ಅರ್ಧಕ್ಕೇ ಬಿಟ್ಟ ಅಪೊಲೊ ದೇವಸ್ಥಾನದ್ದು. ಬಾಗಿಲು ಒಂದೇ ಉಳಿದಿದೆ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಪ್ಲಾಕಾ ಬೀಚಿನ ಊಟದ ಮೇಜು.

ಆಯಿಯಾ ಆನ್ನಾ ಎಂಬ ಪುಟ್ಟ ಊರಿನಿಂದ ದಕ್ಷಿಣಕ್ಕೆ ನಾಲ್ಕು ಕಿಲೋಮೀಟರ್ ಉದ್ದಕ್ಕೂ ಪ್ಲಾಕಾ ಮರಳು. ಹಿಂದೆ ಮಣ್ಣಿನ ರಸ್ತೆ. ರಸ್ತೆಯ ಆಚೆ ಸಾಲಾಗಿ ಟವೆರ್ನಾಗಳು. ಮನೆಯವರೇ ನಡೆಸುವ ಸಾದಾ ಊಟದ ಹೋಟೆಲ್‌ಗೆ ಅಲ್ಲಿ ಟವೆರ್ನಾ ಅನ್ನುತ್ತಾರೆ. ನಮ್ಮಲ್ಲಿ ದಡದ ಮೇಲೆ ಗಾಳಿಮರ ನೆಡುತ್ತಾರಲ್ಲ, ಅಲ್ಲಿ ಆ ಜಾಗದಲ್ಲಿ ಅಲ್ಮಿರಿಕಿ ಎಂಬ ಮರ. ಉಪ್ಪು ಗಾಳಿಗೂ ಜಗ್ಗುವುದಿಲ್ಲ. ಅದರ ನೆರಳಲ್ಲಿ ಹುಲ್ಲು ಹೆಣೆದ ಮರದ ಕುರ್ಚಿ, ಚೌಕ ಮೇಜು. ಮೇಜಿನ ಮೇಲೆ ಕಾಗದದ ಹಾಸು, ಅದಕ್ಕೆ ನಾಲ್ಕೂ ಕಡೆ ಕ್ಲಿಪ್. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಮೆಲ್ತೆಮಿ ಎಂಬ ಗಾಳಿ ಬೀಸುತ್ತದೆ, ದಿನಗಟ್ಟಲೆ. ಕ್ಲಿಪ್ ಇಲ್ಲದಿದ್ದರೆ ಹಾಸು, ಮೆನು, ಕೊನೆಗೆ ಸೌತೆಕಾಯಿ ಹೋಳೂ ಹಾರಿಹೋಗಬಹುದು. ಮುಂದಿನ ಗಿರಾಕಿಗೆ ಆ ಕಾಗದ ಮುದುಡಿ ಎಸೆದು ಹೊಸದು ಹಾಸುತ್ತಾರೆ. ಒದ್ದೆ ಬಟ್ಟೆಯಿಂದ ಮೇಜು ಒರೆಸಿ, ಆ ನೀರೆಲ್ಲ ನಮ್ಮ ಮಡಿಲಿಗೆ ಬೀಳುವ ಗೋಜಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಮೆನು. ರುಚಿಯ ವಿಷಯ ಆಮೇಲೆ ಹೇಳುತ್ತೇನೆ. ಮೆನುವಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿರುತ್ತಾರೆ. ಸಲಾಡಿಗೆ ಆಲಿವ್ ಎಣ್ಣೆ ಹಾಕುತ್ತೇವೆ, ಕರಿಯಲು ಸೂರ್ಯಕಾಂತಿ ಎಣ್ಣೆ. ಚೀಸು ಫೆಟಾ. ನಕ್ಷತ್ರದ ಗುರುತು ಇರುವ ಮೀನು, ಸೀಗಡಿ, ಸ್ಕ್ವಿಡ್ ಫ್ರೀಜ್ ಮಾಡಿದ್ದು. ತೆರಿಗೆ ಎಲ್ಲ ಸೇರಿಯೇ ಈ ದರ. ಇದಕ್ಕೆ ಜವಾಬ್ದಾರಿ ಇಂಥವರದು ಎಂದು ಒಬ್ಬರ ಹೆಸರು. ಇದರ ಜೊತೆಗೆ ಇನ್ನೊಂದು ಸಾಲು, ನಾನು ಎರಡು ಸಲ ಓದಿದೆ: ರಸೀದಿ ಕೊಡದಿದ್ದರೆ ಗಿರಾಕಿ ದುಡ್ಡು ಕೊಡಬೇಕಾಗಿಲ್ಲ. ಬಾಗಿಲ ಹತ್ತಿರ ದೂರು ಬರೆಯುವ ಫಾರಂಗಳ ಪೆಟ್ಟಿಗೆ ಬೇರೆ. ಇದೆಲ್ಲ ಹೋಟೆಲಿನವರ ದೊಡ್ಡತನ ಅಲ್ಲ, ಕಾನೂನು. ತೆರಿಗೆ ತಪ್ಪಿಸುವುದರಲ್ಲಿ ಗ್ರೀಕರಿಗೆ ಹೆಸರಿದೆ, ಅದಕ್ಕೇ ಸರ್ಕಾರ ಗಿರಾಕಿಯನ್ನೇ ಇನ್‌ಸ್ಪೆಕ್ಟರ್ ಮಾಡಿಟ್ಟಿದೆ. ಕಾರಣ ಏನೇ ಇರಲಿ, ಫ್ರೀಜ್ ಮಾಡಿದ ಸೀಗಡಿಯನ್ನು ಫ್ರೀಜ್ ಮಾಡಿದ್ದು ಎಂದು ಬರೆದು ಮಾರುವ ಊರನ್ನು ನಾನು ಗೌರವಿಸುತ್ತೇನೆ.

ನಮ್ಮ ಉಡುಪಿ, ಮಂಗಳೂರು ಕಡೆಯ ದೊಡ್ಡ ಮೀನಿನ ಹೋಟೆಲ್‌ಗಳ ಮೆನು ನೋಡಿ. ಅಂಜಲ್, ಪಾಂಫ್ರೆಟ್, ಸೀಗಡಿಯ ಎದುರು ದರ ಇರಬೇಕಾದ ಕಡೆ "ಎಪಿಎಸ್" ಎಂದಿರುತ್ತದೆ. ಸೈಜ್ ನೋಡಿ ರೇಟ್ ಅಂತ. ಹುಡುಗ ಮಸಾಲೆ ಹಚ್ಚಿದ ಮೀನಿನ ಟ್ರೇ ತಂದು ತೋರಿಸುತ್ತಾನೆ, ಒಂದನ್ನು ಬೆರಳಲ್ಲಿ ತೋರಿಸಿ ಒಂದು ಅಂಕೆ ಹೇಳುತ್ತಾನೆ. ತೂಕ ಎಷ್ಟು ಅಂತ ಕೇಳಿದರೆ ಅವನಿಗೇ ಗೊತ್ತಿಲ್ಲ. ಮಸಾಲೆ ಹಚ್ಚಿದ ಮೇಲೆ ಮೀನು ಇವತ್ತಿನದೋ ಮೊನ್ನೆಯದೋ ಹೇಳುವುದು ದೇವರಿಗೂ ಕಷ್ಟ. ನಾಕ್ಸೋಸಿನಲ್ಲೂ ಮೀನು ಕಿಲೋ ಲೆಕ್ಕ. ಆದರೆ ದರ ಬರೆದಿರುತ್ತದೆ. ನೀವು ಎದ್ದು ಒಳಗೆ ಹೋಗಬೇಕು, ಐಸಿನ ಮೇಲೆ ಮಲಗಿಸಿದ ಮೀನಿನ ಕಣ್ಣು ನೋಡಬೇಕು, ಬೇಕಾದರೆ ಕಿವಿರು ಎತ್ತಿ ನೋಡಬಹುದು. ಆರಿಸಿದ್ದನ್ನು ನಿಮ್ಮೆದುರೇ ತಕ್ಕಡಿಗಿಟ್ಟು ತೂಕ ಹೇಳುತ್ತಾರೆ. ಕರಾವಳಿಯಲ್ಲಿ ಬೆಳೆದವನಿಗೆ ಈ ಕೆಲಸ ಹೇಳಿಕೊಡಬೇಕಾ? ಜೊತೆಗೆ ಬಂದಿದ್ದ ಜರ್ಮನ್ ಗೆಳೆಯ ದೂರ ನಿಂತಿದ್ದ, ತಲೆ ಇರುವ ಮೀನು ಅವನಿಗೆ ಆಗದು. ನಾನು ಮಾತ್ರ ಮಲ್ಪೆ ಬಂದರಿಗೆ ಬಂದ ಹಾಗೆ ಆರಾಮಾಗಿ ಚೌಕಾಸಿ ಮಾಡುತ್ತಾ ನಿಂತೆ. ಚೌಕಾಸಿ ನಡೆಯಲಿಲ್ಲ ಅನ್ನಿ.

ರೇಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕಡಲಲ್ಲಿ ಹಿಡಿದ ಒಳ್ಳೆ ಮೀನು ಕಿಲೋಗೆ 50, 60 ಯೂರೋ ಆಗುವುದು ಅಲ್ಲಿ ಸಾಮಾನ್ಯ, ಅಂದರೆ ಐದಾರು ಸಾವಿರ ರೂಪಾಯಿ. ಆ ದ್ವೀಪಗಳ ಸುತ್ತಲಿನ ಏಜಿಯನ್ ಸಮುದ್ರ ನೋಡಲು ಎಷ್ಟು ಚೆಂದವೋ ಮೀನಿಗೆ ಅಷ್ಟೇ ಬಡವ. ಆ ನೀಲಿ ಬಣ್ಣವೇ ಅದಕ್ಕೆ ಸಾಕ್ಷಿ: ನೀರಿನಲ್ಲಿ ಮೀನಿಗೆ ತಿನ್ನಲು ಪಾಚಿ, ಪ್ಲಾಂಕ್ಟನ್ ಕಡಿಮೆ, ಅದಕ್ಕೇ ನೀರು ಅಷ್ಟು ತಿಳಿ. ನಮ್ಮ ಅರಬ್ಬಿ ಸಮುದ್ರ ಕಲಕಿ ಕಂದಾಗಿರುತ್ತದೆ, ಅದರಿಂದಲೇ ಬಂಗುಡೆ, ಬೂತಾಯಿ ರಾಶಿ ರಾಶಿ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಅಲ್ಲೂ ಬೇಸಿಗೆಯಲ್ಲಿ ಟ್ರಾಲರ್‌ಗಳಿಗೆ ನಿಷೇಧವಿದೆ, ಅಂದರೆ ಪ್ರವಾಸಿಗರು ಬಂದು ತುಂಬುವ ಹೊತ್ತಿಗೇ ದೊಡ್ಡ ಬೋಟುಗಳು ನಿಂತಿರುತ್ತವೆ, ಕಡಲಿನಿಂದ ಮೇಜಿಗೆ ಬರುವ ತಾಜಾ ಮೀನು ಹೆಚ್ಚಾಗಿ ಸಣ್ಣ ದೋಣಿಯವರದು. ಹಾಗಾಗಿ ತ್ಸಿಪೂರಾ, ಲವ್ರಾಕಿ ಎಂದು ಕಡಿಮೆ ದರದಲ್ಲಿ ಸಿಗುವ ಇಡೀ ಮೀನು ಹೆಚ್ಚಾಗಿ ಸಾಕಿದ್ದು, ಸಮುದ್ರದಲ್ಲೇ ಬಲೆಯ ಪಂಜರ ಕಟ್ಟಿ. ಮರ್ಯಾದೆಯಾಗಿ ಕೇಳಿದರೆ ಮರ್ಯಾದೆಯಾಗಿ ಹೇಳುತ್ತಾರೆ. ಜಾಣರು ಸಣ್ಣ ಮೀನು ತಿನ್ನಬೇಕು. ಗಾವ್ರೋಸ್ ಅಂದರೆ ನಮ್ಮ ಕೊಲ್ಲತರು ಜಾತಿಯದು, ಸಾರ್ಡೀನ್ ಅಂತೂ ಬೂತಾಯಿಯ ಸೋದರಸಂಬಂಧಿ. ಹಿಟ್ಟಿನಲ್ಲಿ ಹೊರಳಿಸಿ ಕರಿದು ಒಂದು ತಟ್ಟೆ ತುಂಬ ತಂದಿಡುತ್ತಾರೆ, ತಲೆ ಬಾಲ ಸಮೇತ ಬಾಯಿಗೆ ಹಾಕುವುದು.

ಈಗ ರುಚಿ. ಕೆಂಡದ ಮೇಲೆ ಸುಟ್ಟ ಮೀನು, ಆಲಿವ್ ಎಣ್ಣೆ, ನಿಂಬೆ, ಉಪ್ಪು, ಒಂದು ಚಿಟಿಕೆ ಒರೆಗಾನೊ. ಅಷ್ಟೇ. ಮೊದಲ ತುತ್ತಿಗೆ ನಾಲಿಗೆ ಖಾರ ಎಲ್ಲಿ ಅಂತ ಹುಡುಕುತ್ತದೆ. ಮೂರನೇ ತುತ್ತಿಗೆ ಹುಡುಕುವುದು ನಿಲ್ಲಿಸುತ್ತದೆ. ಹಾಗಂತ ನಮ್ಮ ಮಸಾಲೆ ಮೀನಿನ ರುಚಿ ಮುಚ್ಚಿಹಾಕುತ್ತದೆ, ಅವರದೇ ಶುದ್ಧ ರುಚಿ ಎಂದು ಹೇಳುವವರ ಗುಂಪಿಗೆ ನಾನು ಸೇರುವುದಿಲ್ಲ. ಬ್ಯಾಡಗಿ ಮೆಣಸು, ಹುಣಸೆಹುಳಿ, ಕೊತ್ತಂಬರಿ, ತೆಂಗಿನಕಾಯಿ ಅರೆದು ಮಾಡಿದ ಬಂಗುಡೆ ಗಸಿ ಮಾರನೇ ದಿನ ಕುಚ್ಚಲಕ್ಕಿ ಗಂಜಿಗೆ ಬಿದ್ದಾಗ ಯಾವ ಗ್ರೀಕ್ ಮೀನೂ ಅದರ ಹತ್ತಿರ ಬರುವುದಿಲ್ಲ. ಬಂಗುಡೆ ಎಣ್ಣೆ ಮೀನು, ಘಮ ಜೋರು, ಅದು ಮಸಾಲೆಯ ಜೊತೆ ಜಗಳವಾಡಿ ಗೆಲ್ಲುತ್ತದೆ. ಅವರ ಮೀನು ಬಿಳಿ ಮಾಂಸದ್ದು, ಸೌಮ್ಯ, ಅದಕ್ಕೆ ನಿಂಬೆಯೇ ಸರಿ. ಆಕ್ಟೋಪಸ್ ಮಾತ್ರ ಅವರಿಂದ ಕಲಿಯಬೇಕು. ಬಟ್ಟೆ ಒಣಹಾಕುವ ಹಾಗೆ ಹಗ್ಗಕ್ಕೆ ನೇತುಹಾಕಿ ಬಿಸಿಲಿಗೆ ನೀರು ಆರಿಸುತ್ತಾರೆ, ಆಮೇಲೆ ಕೆಂಡಕ್ಕೆ. ಹೊರಗೆ ಗರಿ, ಒಳಗೆ ಮೃದು.

ಹೆಂಡತಿ ಮೈಸೂರಿನವಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಸಮುದ್ರದ ಹೋಟೆಲ್‌ನಲ್ಲಿ ಅವಳಿಗೆ ಬ್ರೆಡ್ಡು, ಸೌತೆಕಾಯಿಯೇ ಗತಿ ಎಂದು ಹೊರಡುವಾಗ ಎಲ್ಲರೂ ಹೆದರಿಸಿದ್ದರು. ನಡೆದದ್ದು ಉಲ್ಟಾ. ಅವಳ ಮೇಜಿನ ಅರ್ಧ ನನ್ನ ಅರ್ಧಕ್ಕಿಂತ ಶ್ರೀಮಂತವಾಗಿತ್ತು. ಫಾವಾ ಎಂಬುದು ನೋಡಲು, ತಿನ್ನಲು ಗಟ್ಟಿ ತೊವ್ವೆ. ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ. ಇದರಲ್ಲಿ ಸಾಂತೊರಿನಿ ದ್ವೀಪದ್ದು ಹೆಸರುವಾಸಿ. ಅದರ ಬೇಳೆ ನಮ್ಮಲ್ಲಿ 1961ರಲ್ಲಿ ಮಾರಾಟ ನಿಷೇಧಿಸಿದರಲ್ಲ, ಆ ಕೇಸರಿ ಬೇಳೆಯ ದೂರದ ನೆಂಟ. ಹೋರ್ತಾ ಅಂದರೆ ಕಾಡುಸೊಪ್ಪು ಬೇಯಿಸಿ ನಿಂಬೆ ಹಿಂಡಿದ್ದು. ಅನ್ನ ತುಂಬಿ ಬೇಯಿಸಿದ ಟೊಮೆಟೊ, ದೊಣ್ಣೆಮೆಣಸು. ದೊಡ್ಡ ಬಿಳಿ ಅವರೆಯಂಥ ಕಾಳು ಟೊಮೆಟೊ ಗೊಜ್ಜಿನಲ್ಲಿ. ನಾಕ್ಸೋಸಿನ ಆಲೂಗಡ್ಡೆ ಇಡೀ ಗ್ರೀಸಿಗೆ ಪ್ರಸಿದ್ಧ, ಅದರ ಫ್ರೈಸ್ ತಿಂದ ಮೇಲೆ ನಮ್ಮ ಮಗ ಪ್ಯಾಕೆಟ್ಟಿನ ಫ್ರೈಸ್ ಬಗ್ಗೆ ದೂರು ಹೇಳುವುದು ನಿಲ್ಲಿಸಿಲ್ಲ. ಇಷ್ಟೆಲ್ಲ ಸಸ್ಯಾಹಾರ ಆ ಮೀನು, ಕುರಿ ತಿನ್ನುವವರ ನಾಡಿನಲ್ಲಿ ಯಾಕಿದೆ ಅಂದರೆ, ಉಪವಾಸ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರಿಗೆ ಈಸ್ಟರಿಗೆ ಮುಂಚಿನ ಏಳು ವಾರ, ಕ್ರಿಸ್ಮಸ್ಸಿಗೆ ಮುಂಚಿನ ನಲವತ್ತು ದಿನ, ಆಗಸ್ಟ್ 15ರ ಮೇರಿಯಮ್ಮನ ಹಬ್ಬಕ್ಕೆ ಮುಂಚಿನ ಎರಡು ವಾರ, ಇದಲ್ಲದೆ ಬುಧವಾರ ಶುಕ್ರವಾರಗಳು. ಮಾಂಸ, ಹಾಲು, ಮೊಟ್ಟೆ ಇಲ್ಲ. ಇವತ್ತು ಎಲ್ಲರೂ ಅಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ, ಆದರೆ ಅಜ್ಜಿಯರು ಮಾಡಿಟ್ಟ ಅಡುಗೆ ಉಳಿದಿದೆ. ಈ ಉಪವಾಸದ ಅಡುಗೆಗೆ ನಿಸ್ತಿಸಿಮೊ ಅನ್ನುತ್ತಾರೆ. ನಮ್ಮ ಸಸ್ಯಾಹಾರಿಗಳು ಈ ಮಾತು ಕಲಿತರೆ ಒಳ್ಳೆಯದೇ, ಆದರೆ ಒಂದು ಎಚ್ಚರ: ಅವರ ಲೆಕ್ಕದಲ್ಲಿ ರಕ್ತ ಇಲ್ಲದ ಆಕ್ಟೋಪಸ್, ಸ್ಕ್ವಿಡ್, ಸೀಗಡಿ ಉಪವಾಸಕ್ಕೆ ನಡೆಯುತ್ತವೆ! ನಮ್ಮಲ್ಲಿ ಏಕಾದಶಿಗೆ ಅಕ್ಕಿ ಬೇಡ, ಅವಲಕ್ಕಿ ಆಗುತ್ತದೆ ಎನ್ನುವ ಮನೆಗಳಿವೆಯಲ್ಲ, ಜಾಣತನ ಎಲ್ಲ ಊರಲ್ಲೂ ಒಂದೇ.

ಊಟ ಮುಗಿದ ಮೇಲೆ ಕೇಳದೆ ಒಂದು ಸಿಹಿ ಬರುತ್ತದೆ. ಹೋಟೆಲಿನವರ ಕಡೆಯಿಂದ, ದುಡ್ಡಿಲ್ಲ. ಕೆಲವು ಕಡೆ ಕಲ್ಲಂಗಡಿ ಹೋಳು, ಕೆಲವು ಕಡೆ ಕಿತ್ರೋನ್ ಎಂಬ ನಾಕ್ಸೋಸಿನದೇ ಮದ್ಯ ಒಂದು ಗುಟುಕು. ಒಂದು ಕಡೆ ಹಲ್ವಾ ಬಂತು. ರವೆ ಹುರಿದು ಸಕ್ಕರೆ ಪಾಕ ಸುರಿದು ಮಾಡಿದ್ದು, ತುಪ್ಪದ ಬದಲು ಎಣ್ಣೆ, ಮೇಲೆ ದಾಲ್ಚಿನ್ನಿ ಪುಡಿ. ಹೆಂಡತಿ ಬಾಯಿಗಿಟ್ಟು "ಇದಕ್ಕೆ ಏಲಕ್ಕಿ ಹಾಕೋದು ಮರೆತಿದ್ದಾರೆ" ಎಂದಳು, ಸತ್ಯನಾರಾಯಣ ಪೂಜೆಗೆ ಬಂದವಳ ಹಾಗೆ.

ಒಂದು ವಿಷಯಕ್ಕೆ ಒಗ್ಗಿಕೊಳ್ಳಲು ನಮಗೆ ಹೊತ್ತು ಹಿಡಿಯಿತು. ಎಂಜಲು. ಟವೆರ್ನಾದಲ್ಲಿ ನನ್ನ ತಟ್ಟೆ, ನಿನ್ನ ತಟ್ಟೆ ಅಂತ ಊಟ ಬರುವುದಿಲ್ಲ. ಮಾಡಿದ್ದು ಮಾಡಿದ ಹಾಗೆ ತಂದು ಮಧ್ಯದಲ್ಲಿಡುತ್ತಾರೆ. ಸಲಾಡಿನ ಒಂದೇ ಬೋಗುಣಿಗೆ ಎಲ್ಲರ ಫೋರ್ಕೂ ಇಳಿಯುತ್ತದೆ. ತಿಂದ ಫೋರ್ಕೇ. ಕೊನೆಗೆ ತಳದಲ್ಲಿ ಎಣ್ಣೆ, ಟೊಮೆಟೊ ರಸ ಉಳಿದಿರುತ್ತದಲ್ಲ, ಅದಕ್ಕೆ ಬ್ರೆಡ್ಡು ಅದ್ದಿ ತಿನ್ನುವುದು ಅಲ್ಲಿಯವರ ಪಾಲಿಗೆ ಇಡೀ ಊಟದ ಒಳ್ಳೆ ಘಟ್ಟ. ನನ್ನ ಅಮ್ಮ ಇದ್ದಿದ್ದರೆ ಅಲ್ಲೇ ಎದ್ದು ಹೋಗುತ್ತಿದ್ದಳು. ಜರ್ಮನರಿಗೂ ಇದು ಆಗದು, ಅವರ ಕಾರಣ ಬೇರೆ. ಅವರಿಗೆ ಲೆಕ್ಕ ಮುಖ್ಯ, ಯಾರು ಎಷ್ಟು ತಿಂದರು ಎಂದು ಗೊತ್ತಾಗಬೇಕು. ಜರ್ಮನಿಯಲ್ಲಿ ಬಿಲ್ ಕೊಡುವಾಗ ಒಟ್ಟಿಗೋ ಬೇರೆ ಬೇರೆಯೋ ಎಂದು ಕೇಳಿಯೇ ಕೇಳುತ್ತಾರೆ, ಗಂಡ ಹೆಂಡತಿಯನ್ನೂ ಕೇಳಿದ್ದಿದೆ. ನಮ್ಮದು ಮೂರನೇ ದಾರಿ. ಪಾತ್ರೆ ಎಲ್ಲರದು, ಸೌಟು ಬಡಿಸುವವರದು, ಎಲೆ ನಮ್ಮದು. ಬೈಟು ಕಾಫಿಯಲ್ಲೂ ಮೊದಲೇ ಎರಡು ಲೋಟಕ್ಕೆ ಹಂಚಿಯೇ ಕುಡಿಯುತ್ತೇವೆ. ನನಗೆ ಈಗಲೂ ನಮ್ಮದೇ ಶುಚಿ ಅನಿಸುತ್ತದೆ. ಆದರೆ ಹಿಂದೆ ಈ ಎಂಜಲು, ಮಡಿ ಎಂಬ ಲೆಕ್ಕ ಯಾರ ಪಕ್ಕ ಯಾರು ಕೂತು ಉಣ್ಣಬಾರದು ಎನ್ನುವವರೆಗೂ ಹೋಗಿತ್ತು ಅನ್ನುವುದನ್ನು ಮರೆತು ಹೊಗಳಲು ಬಾಯಿ ಬರುವುದಿಲ್ಲ. ಗ್ರೀಕರ ಬೋಗುಣಿಗೆ ಆ ಭಾರ ಇಲ್ಲ.

ಅವರ ಹೊತ್ತುಗೊತ್ತು ವಿಚಿತ್ರ. ಮಧ್ಯಾಹ್ನದ ಊಟ ಎರಡೂವರೆ ಮೂರಕ್ಕೆ. ಆಮೇಲೆ ಊರೇ ಮಲಗುತ್ತದೆ, ಬೇಸಿಗೆಯಲ್ಲಿ ಮಧ್ಯಾಹ್ನ ಗಲಾಟೆ ಮಾಡಬಾರದು ಎಂದು ನಿಯಮವೇ ಇದೆ. ರಾತ್ರಿ ಊಟಕ್ಕೆ ಒಂಬತ್ತಾದರೂ ಬೇಕು. ಸ್ಟುಟ್‌ಗಾರ್ಟ್‌ನಲ್ಲಿ ಒಂಬತ್ತಕ್ಕೆ ಅಡುಗೆಮನೆ ಮುಚ್ಚಿ ಒಲೆ ಒರೆಸುತ್ತಿರುತ್ತಾರೆ. ಅಲ್ಲಿ ಹನ್ನೊಂದಕ್ಕೂ ಮಕ್ಕಳು ಮೇಜುಗಳ ನಡುವೆ ಓಡುತ್ತಿರುತ್ತವೆ, ಅಜ್ಜಿಯರು ಕೂತಲ್ಲಿಂದಲೇ ಗದರುತ್ತಿರುತ್ತಾರೆ, ಬೆಕ್ಕುಗಳು ಕಾಲಡಿಯಲ್ಲಿ ಮುಳ್ಳಿಗೆ ಕಾಯುತ್ತಿರುತ್ತವೆ. ವೈನನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ, ಅರ್ಧ ಕಿಲೋ ಬಿಳಿ ವೈನ್ ಅಂದರೆ ಒಂದು ತಗಡಿನ ಹೂಜಿ ಬರುತ್ತದೆ.

ಕಿರಿಕಿರಿಗಳೂ ಇವೆ. ಬ್ರೆಡ್ಡು, ನೀರಿನ ಬಾಟಲಿ ಕೇಳದೆ ಬರುತ್ತದೆ, ಬಿಲ್ಲಿಗೂ ಬರುತ್ತದೆ. ಕೂತ ತಕ್ಷಣ ಲೋಟ ನೀರು ಇಡುವ ನಾಡಿನಿಂದ ಬಂದವನಿಗೆ ಇದು ಜೀರ್ಣವಾಗುವುದಿಲ್ಲ. ಬಿಲ್ಲಿನ ಜೊತೆ ಸರ್ವಿಸ್ ಚಾರ್ಜ್ ಅಂತ ಸೇರಿಸಿ ಕೇಳುವ ನಮ್ಮ ನಗರಗಳ ಹೊಸ ಚಾಳಿಗಿಂತ ಇದು ವಾಸಿ, ಅಷ್ಟೇ. ಅದಕ್ಕೂ 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಕಡಿವಾಣ ಹಾಕಿತಲ್ಲ. ಹೊರಗಿನ ಮೇಜುಗಳಲ್ಲಿ ಎಲ್ಲರೂ ಸಿಗರೇಟು ಎಳೆಯುತ್ತಾರೆ, ಮಗು ಪಕ್ಕದಲ್ಲಿದ್ದರೂ. ಎಷ್ಟೋ ಪದಾರ್ಥ ಉಗುರು ಬೆಚ್ಚಗೆ ಬರುತ್ತದೆ, ಅದೇ ಸರಿ ಅನ್ನುತ್ತಾರೆ. ಕೈ ತೊಳೆಯಲು ಮೇಜಿನ ಹತ್ತಿರ ಬೇಸಿನ್ ಇಲ್ಲ. ಮೀನನ್ನು ಕೈಯಲ್ಲಿ ಬಿಡಿಸಿ ತಿಂದವನು ನಿಂಬೆ ವಾಸನೆಯ ಒದ್ದೆ ಕಾಗದದಲ್ಲಿ ಒರೆಸಿಕೊಂಡು ಸುಮ್ನೆ ಇರಬೇಕು.

ನನ್ನ ಹೊಟ್ಟೆ ಉರಿದದ್ದು ಮಾತ್ರ ಬೇರೆ ಕಾರಣಕ್ಕೆ. ಆ ದಡದಲ್ಲಿ ಕೂತರೆ ಆ ಊರಿನ ಅಡುಗೆ ಸಿಗುತ್ತದೆ. ಸಮುದ್ರ ಹತ್ತು ಹೆಜ್ಜೆ ದೂರದಲ್ಲಿ, ತಟ್ಟೆಯಲ್ಲಿ ಅದೇ ಸಮುದ್ರದ ಮೀನು, ಅದೇ ದ್ವೀಪದ ಆಲೂಗಡ್ಡೆ, ಅದೇ ದ್ವೀಪದ ಗ್ರಾವಿಯೆರಾ ಚೀಸು. ನಮ್ಮಲ್ಲಿ ಇದು ಎಲ್ಲಿದೆ ಹೇಳಿ. ಮರವಂತೆ ತಗೊಳ್ಳಿ. ಒಂದು ಕಡೆ ಅರಬ್ಬಿ ಸಮುದ್ರ, ಒಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಂಥ ಜಾಗ ಗ್ರೀಸಿನವರ ಬಳಿಯೂ ಇರಲಾರದು. ಅಲ್ಲಿ ಜನ ಕಾರು ನಿಲ್ಲಿಸಿ ಸೆಲ್ಫಿ ತೆಗೆದು ಬೊಂಡ ಕುಡಿದು ಹೊರಡುತ್ತಾರೆ. ಒಳ್ಳೆ ಮೀನೂಟ ಬೇಕೆಂದರೆ ಊರೊಳಗೆ ಹೋಗಬೇಕು. ಬಸ್ ಸ್ಟ್ಯಾಂಡ್ ಹಿಂದೆ, ಗೋಡೆ ನೋಡುತ್ತಾ, ಫ್ಯಾನಿನ ಕೆಳಗೆ, ಹದಿನೈದು ನಿಮಿಷದಲ್ಲಿ ಉಂಡು ಏಳಬೇಕು. ಊಟ ಅದ್ಭುತ, ಅನುಮಾನವೇ ಇಲ್ಲ. ಆದರೆ ಸಮುದ್ರ ಅದಕ್ಕೆ ಬೆನ್ನ ಹಿಂದೆ. ಬೀಚಿಗೆ ಹೋದರೆ ಗೋಬಿ ಮಂಚೂರಿ, ಚುರುಮುರಿ, ಕೋನ್ ಐಸ್‌ಕ್ರೀಂ. ಮಲ್ಪೆ ರಾಜ್ಯದ ದೊಡ್ಡ ಮೀನುಗಾರಿಕೆ ಬಂದರು, ಅದರ ಪಕ್ಕದ ಬೀಚಿನಲ್ಲಿ ಹೂಕೋಸು ಕರಿದು ಮಾರುತ್ತಾರೆ. ಗೋಕರ್ಣದ ಓಂ ಬೀಚು, ಕುಡ್ಲೆಯಲ್ಲಿ ಹಮ್ಮಸ್, ಫಲಾಫೆಲ್, ಪಾಸ್ತಾ ಬೇಕಾದಷ್ಟು ಸಿಗುತ್ತದೆ. ಅಂಕೋಲೆ ಕಡೆಯ ಬಳಚು ಎಂಬ ಚಿಪ್ಪುಮೀನಿನ ಸುಕ್ಕಾ, ಕುಚ್ಚಲಕ್ಕಿ ಅನ್ನ ಕೇಳಿದರೆ ಹುಡುಗ ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾನೆ.

ಯಾಕೆ ಹೀಗೆ? ನಮಗೆ ಕಡಲು ನೋಡುವ ವಸ್ತು ಆಗಿರಲಿಲ್ಲ ಎಂಬುದು ಒಂದು. ದಡ ಅಂದರೆ ದೋಣಿ ಎಳೆಯುವ, ಬಲೆ ನೇಯುವ, ಮೀನು ಒಣಗಿಸುವ ಜಾಗ. ಮೊಗವೀರರು, ಖಾರ್ವಿಗಳು ಅಲ್ಲಿ ದುಡಿಯುತ್ತಿದ್ದರು, ಬೇರೆಯವರು ಅಮಾವಾಸ್ಯೆಗೆ ಸಮುದ್ರಸ್ನಾನಕ್ಕೆ ಬಂದು ಹೋಗುತ್ತಿದ್ದರು. ಮೀನು ತಿನ್ನುವುದೂ ಕೆಲವರಿಗೆ ಬಾಗಿಲು ಹಾಕಿಕೊಂಡು ಮಾಡುವ ಕೆಲಸ. ಮಳೆಗಾಲದ ಕಡಲು ಮನೆಯನ್ನೇ ಕೊಂಡುಹೋಗುವಂಥದ್ದು, ಅದರ ಎದುರು ಹೋಟೆಲ್ ಕಟ್ಟುವ ಧೈರ್ಯ ಯಾರಿಗಿತ್ತು? ಆದರೆ ಗ್ರೀಕರೂ ಮೊದಲಿನಿಂದ ದಡದಲ್ಲಿ ಕುರ್ಚಿ ಹಾಕಿ ಕೂತವರಲ್ಲ. ಕಡಲ್ಗಳ್ಳರ ಭಯಕ್ಕೆ ಹಳೆಯ ಊರುಗಳೆಲ್ಲ ಗುಡ್ಡದ ಮೇಲೆ, ಒಳನಾಡಿನಲ್ಲಿ. ಉಪ್ಪು ಮರಳಿನ ಭೂಮಿಯಲ್ಲಿ ಏನೂ ಬೆಳೆಯದು ಎಂದು ಅದನ್ನು ಹೆಣ್ಣುಮಕ್ಕಳ ಪಾಲಿಗೆ ಹಾಕಿ, ಒಳಗಿನ ಒಳ್ಳೆ ಗದ್ದೆಯನ್ನು ಗಂಡುಮಕ್ಕಳು ಇಟ್ಟುಕೊಂಡರಂತೆ. ಆಮೇಲೆ ಪ್ರವಾಸಿಗರು ಬಂದರು, ಹೆಣ್ಣುಮಕ್ಕಳ ಮರಳು ಚಿನ್ನವಾಯಿತು. ದ್ವೀಪಗಳಲ್ಲಿ ನಗುತ್ತಾ ಹೇಳುವ ಕಥೆ ಇದು.

ಹೋಟೆಲ್ ನಡೆಸಲು ನಮಗೆ ಬಾರದು ಎನ್ನುವ ಹಾಗಂತೂ ಇಲ್ಲ. ನ್ಯೂಯಾರ್ಕಿನಲ್ಲಿ ಡೈನರ್ ಎಂಬ ಸಾದಾ ಹೋಟೆಲ್‌ಗಳನ್ನು ಗ್ರೀಕರು ನಡೆಸಿದ ಹಾಗೆ ಮುಂಬೈ, ಚೆನ್ನೈ, ಬೆಂಗಳೂರಿಗೆ ಊಟ ಹಾಕಿದವರು ನಮ್ಮ ಉಡುಪಿ, ಕುಂದಾಪುರದವರು. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಲೋಟ ತೊಳೆದು ಆಮೇಲೆ ಮಾಲೀಕರಾದವರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ. ಗ್ರೀಕರಲ್ಲಿ ಎಷ್ಟೋ ಜನ ಆ ಕಲಿಕೆ, ಆ ಡಾಲರು ತಗೊಂಡು ದ್ವೀಪಕ್ಕೆ ವಾಪಸಾಗಿ ಅಪ್ಪನ ಜಾಗದಲ್ಲಿ ಒಲೆ ಹೂಡಿದರು. ನಮ್ಮವರು ದುಡ್ಡು ಊರಿಗೆ ತಂದರು, ಮನೆ ಕಟ್ಟಿದರು, ನಾಗಮಂಡಲ ಮಾಡಿಸಿದರು, ಯಕ್ಷಗಾನದ ಹರಕೆ ಆಟ ಆಡಿಸಿದರು. ಒಲೆ ಮಾತ್ರ ಬೆಂಗಳೂರಿನಲ್ಲೇ ಉರಿಯಿತು. ಈಗ ಊರಿನ ಹೋಟೆಲಿನಲ್ಲಿ ಬಡಿಸುವವರು ಅಸ್ಸಾಂ, ಒಡಿಶಾ, ನೇಪಾಳದ ಹುಡುಗರು. ನಾಕ್ಸೋಸಿನಲ್ಲಿ ಮುಂದೆ ಮಾಲೀಕರ ಮಗ, ಹಿಂದೆ ಪಾತ್ರೆ ತೊಳೆಯುವಲ್ಲಿ ಬಾಂಗ್ಲಾದೇಶದ ಹುಡುಗ. ನನ್ನನ್ನು ನೋಡಿ ಅವನು ಹಿಂದಿಯಲ್ಲಿ "ಕಹಾಂ ಸೇ" ಎಂದ. ಊರಿನ ಹೆಸರು ಹೇಳಿದರೆ ಗೊತ್ತಾಗಲಿಲ್ಲ, ಬೆಂಗಳೂರು ಅಂದ ಮೇಲೆ ನಕ್ಕ.

ಹಾಗಂತ ಗ್ರೀಸಿನದನ್ನೆಲ್ಲ ಎತ್ತಿ ತಂದು ಮಲ್ಪೆಯಲ್ಲಿ ಇಡಿ ಎನ್ನುತ್ತಿಲ್ಲ. ಅಲ್ಲೂ ಅತಿಯಾಗಿದೆ. ಬೀಚಿನ ತುಂಬ ಬಾಡಿಗೆ ಮಂಚ, ಛತ್ರಿ ಸಾಲು ಹಾಕಿ, ಊರಿನವರಿಗೇ ಟವೆಲ್ ಹಾಸಲು ಜಾಗ ಇಲ್ಲದಂತಾಯಿತು. 2023ರ ಬೇಸಿಗೆಯಲ್ಲಿ ನಾಕ್ಸೋಸಿನ ಎದುರಿಗಿರುವ ಪಾರೋಸ್ ದ್ವೀಪದ ಜನ ಬ್ಯಾನರ್ ಹಿಡಿದು ಬೀಚಿಗಿಳಿದರು, ದಡ ನಮ್ಮದು, ವಾಪಸ್ ಕೊಡಿ ಅಂತ. ಚಳವಳಿ ನಾಕ್ಸೋಸಿಗೂ ಹಬ್ಬಿತು. ಮರುವರ್ಷವೇ ಸರ್ಕಾರ ಕಾನೂನು ತಂದಿತು: ಬೀಚಿನ ಅರ್ಧ ಭಾಗ ಖಾಲಿ ಇರಬೇಕು, ರಕ್ಷಿತ ಪ್ರದೇಶದಲ್ಲಿ 70 ಶೇಕಡಾ, ನೀರಿನ ಅಂಚಿನಿಂದ ನಾಲ್ಕು ಮೀಟರ್ ತನಕ ಯಾರೂ ಏನೂ ಇಡುವಂತಿಲ್ಲ. ಮೀರಿದರೆ ಮೊಬೈಲಿನಿಂದಲೇ ದೂರು ಕೊಡಲು ಮೈಕೋಸ್ಟ್ ಎಂಬ ಆ್ಯಪ್. ನಮ್ಮ ಜನ ದೂರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ, ಅಂಥದ್ದೊಂದು ನಮ್ಮಲ್ಲೂ ಇದ್ದರೆ ಚೆನ್ನಾಗಿ ಓಡುತ್ತದೆ. ಬ್ಲೂ ಫ್ಲ್ಯಾಗ್ ಎಂಬ ಶುಚಿತ್ವದ ಗುರುತು ಗ್ರೀಸಿನ 600ಕ್ಕೂ ಹೆಚ್ಚು ಬೀಚುಗಳಿಗಿದೆ. ಕರ್ನಾಟಕದಲ್ಲಿ 2020ರಲ್ಲಿ ಸಿಕ್ಕಿದ್ದು ಎರಡಕ್ಕೆ, ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ಎರಡೂ ಚೊಕ್ಕಟವಾಗಿವೆ, ಹೋಗಿ ನೋಡಬೇಕು. ಹೊಟ್ಟೆ ಹಸಿದರೆ ಮಾತ್ರ ಅದೇ ಕಥೆ.

ಗೋವಾದ ಹಾಗೆ ಮಾಡೋಣ ಎನ್ನುವವರಿದ್ದಾರೆ. ಅಲ್ಲಿ ಸರ್ಕಾರ ಸೀಸನ್ನಿಗೆ ಲೈಸೆನ್ಸ್ ಕೊಟ್ಟು ಬಿದಿರು, ತೆಂಗಿನ ಗರಿಯ ಶ್ಯಾಕ್ ಹಾಕಿಸುತ್ತದೆ, ಮಳೆಗಾಲಕ್ಕೆ ಮುಂಚೆ ಬಿಚ್ಚಬೇಕು. ಆ ಬಿಚ್ಚುವ ನಿಯಮ ಒಳ್ಳೆಯದು, ನಮ್ಮ ಕಡಲಿಗೂ ಅದೇ ಬೇಕು. ಸಂಗೀತದ ಗದ್ದಲ ಬೇಡ. ನನಗೆ ಬೇಕಿರುವುದು ಚಿಕ್ಕದು. ಊರಿನ ಮೀನು ಮಾರುವ ಹೆಂಗಸರ ಸಂಘಕ್ಕೇ ಮೊದಲ ಹಕ್ಕು. ಇಪ್ಪತ್ತು ಮೇಜು, ಮಡಚಿಡುವಂಥದ್ದು. ಬೆಳಿಗ್ಗೆ ದೋಣಿಯಲ್ಲಿ ಬಂದದ್ದು ಏನೋ ಅದೇ ಸಂಜೆ ಅಡುಗೆ, ಬೋರ್ಡಿನಲ್ಲಿ ತೂಕಕ್ಕೆ ದರ, ಫ್ರೀಜರಿನದಾದರೆ ಫ್ರೀಜರಿನದು ಅಂತ ಬರೆಯಬೇಕು. ಪಕ್ಕದಲ್ಲಿ ಮಾವಿನಕಾಯಿ ಮೆಣಸ್ಕಾಯಿ, ಹಲಸಿನ ಬೀಜದ ಪಲ್ಯ, ಪತ್ರೊಡೆ ಮಾಡುವ ಒಂದು ಒಲೆ, ಸಸ್ಯಾಹಾರಿಗಳಿಗೆ. ಕೈ ತೊಳೆಯಲು ನಲ್ಲಿ. ಎದ್ದೇಳಿ ಅನ್ನುವವರು ಇರಬಾರದು.

ಊರಲ್ಲಿ ಹೋಟೆಲ್ ನಡೆಸುವ ನನ್ನ ದೊಡ್ಡಪ್ಪನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. "ಮೇ ತಿಂಗಳ ಮಧ್ಯಾಹ್ನ ಆ ಮರಳಲ್ಲಿ ಯಾರು ಕೂರ್ತಾರೆ ಮಾರಾಯ, ನಿನ್ನ ಗ್ರೀಸಿನ ಗಾಳಿ ಇಲ್ಲಿಲ್ಲ" ಎಂದ. ಅದು ನಿಜ, ಸೆಕೆಗೆ ಉತ್ತರವಿಲ್ಲ. ಸಂಜೆ ಮಾಡು ಅಂದೆ. ಅವನ ಎರಡನೇ ಮಾತು ಇನ್ನೂ ಗಟ್ಟಿ: ಮೀನೂಟ ಮಧ್ಯಾಹ್ನದ್ದು, ರಾತ್ರಿಗೆ ನಮ್ಮವರು ಮನೆಯಲ್ಲಿ ಉಣ್ಣುತ್ತಾರೆ. ಇಬ್ಬರು ಒಂದು ಮೇಜಿನಲ್ಲಿ ಮೂರು ಗಂಟೆ ಕೂತರೆ ನಾಲ್ಕು ಸಲ ತುಂಬಬೇಕಾದ ಮೇಜು ಒಂದೇ ಸಲ ತುಂಬುತ್ತದೆ, ಆ ನಷ್ಟ ನೂರಿಪ್ಪತ್ತು ರೂಪಾಯಿಯ ಊಟದಲ್ಲಿ ಹೇಗೆ ತುಂಬಿಕೊಳ್ಳುವುದು? ನಾಕ್ಸೋಸಿನಲ್ಲಿ ಅದನ್ನು ಕಿಲೋಗೆ 60 ಯೂರೋ ಎಂದು ಗಿರಾಕಿಯಿಂದಲೇ ವಸೂಲಿ ಮಾಡುತ್ತಾರೆ ಎಂದು ನಾನೂ ಒಪ್ಪಿದೆ. ಹಾಗಾದರೆ ರಾತ್ರಿ ಊಟಕ್ಕೆ ಮುನ್ನೂರು ಇಡು, ಬೆಂಗಳೂರಿನವರು ಶನಿವಾರ ಭಾನುವಾರ ಕೊಟ್ಟೇ ಕೊಡುತ್ತಾರೆ, ಗೋಬಿಗೇ ಎಷ್ಟು ಕೊಡುತ್ತಿದ್ದಾರೆ ನೋಡು ಅಂದೆ. ಅವನು ಗೋಬಿ ಅಂಗಡಿಯ ಲಾಭದ ಲೆಕ್ಕ ಬಿಚ್ಚಿದ. ನನಗೆ ಉತ್ತರ ಹೊಳೆಯುವ ಮೊದಲೇ ಅವನ ಕೌಂಟರಿಗೆ ಗಿರಾಕಿ ಬಂದರು, ಫೋನ್ ಇಟ್ಟ. ದೀಪಾವಳಿಗೆ ಊರಿಗೆ ಹೋಗುತ್ತಿದ್ದೇನೆ, ಲೆಕ್ಕದ ಪುಸ್ತಕ ಎದುರಿಗಿಟ್ಟುಕೊಂಡು ಮಾತಾಡುವುದಿದೆ.